ಖಾಲಿ ಸಾಲು ತುಂಬಿದ ಅಳಿಯ

ಅನುವಾದದ ಕಡತದಲ್ಲಿ ಒಂದೇ ಒಂದು ಸಾಲು ಖಾಲಿ ಉಳಿದರೂ ಆ ಭಾಷೆಯನ್ನು ಹೊಸ ಆವೃತ್ತಿಯಿಂದ ಕೈಬಿಡುತ್ತಾರೆ. ಗ್ರಂಥಾಲಯಗಳಿಗಾಗಿ ಸ್ವಯಂಸೇವಕರು ಸೇರಿ ಕಟ್ಟಿದ ಆ ಮುಕ್ತ ತಂತ್ರಾಂಶದ ನಿಯಮವೇ ಹಾಗೆ. ಅದರ ಪರದೆಯ ಸಾಲುಗಳನ್ನು ಕನ್ನಡಕ್ಕೆ ತರುತ್ತಿದ್ದ ರಸಾಯನಶಾಸ್ತ್ರದ ಮೇಷ್ಟ್ರಿಗೆ ಗಡುವಿನ ದಿನ ಒಂದು ಸಾಲು ಉಳಿದುಬಿಟ್ಟಿತು. ಹೆಂಡತಿ ಆಗಷ್ಟೇ "ಅಮ್ಮ ಬರ್ತಾರಂತೆ" ಎಂದಿದ್ದಳು. ಆಮೇಲೆ ಸರಿಮಾಡಿದರಾಯಿತು ಎಂದುಕೊಂಡು ಮೇಷ್ಟ್ರು ಮನಸ್ಸಿಗೆ ಬಂದದ್ದನ್ನೇ ತುಂಬಿ ಕಳಿಸಿದರು: "ಅತ್ತೆ ಬರುವ ಮೊದಲು ಮನೆಗೆ ಬೀಗ ಹಾಕಿ."

ಕಳಿಸಿದವರು ಮರೆತೇಬಿಟ್ಟರು. ಒಂದು ಬೆಳಿಗ್ಗೆ ಅತ್ತೆಯೇ ಫೋನ್ ಮಾಡಿದರು. ಅವರು ಗ್ರಂಥಪಾಲಕಿ.

"ಅಳಿಯಂದ್ರೇ, ನಿಮ್ಮ ತಂತ್ರಾಂಶ ಇವತ್ತಿಂದ ನಮ್ಮ ಲೈಬ್ರರೀಲಿ ಶುರು! ವಾಯಿದೆ ಮೀರಿದ ಪುಸ್ತಕ ಕೌಂಟರಿಗೆ ಬಂದ್ರೆ ಸಾಕು, ಗೋಡೆ ಮೇಲಿನ ದೊಡ್ಡ ಪರದೇಲಿ ಎಚ್ಚರಿಕೆ ಬರುತ್ತಂತೆ."

ಮೇಷ್ಟ್ರ ಬಾಯಲ್ಲಿದ್ದ ಕಾಫಿ ಆಸಿಡ್ಡಾಯಿತು. ತಾವು ತುಂಬಿದ್ದ ಸಾಲು ಅದೇ ಎಚ್ಚರಿಕೆಯದು! ಕೂಡಲೇ ಸಾಲು ತಿದ್ದಿ ಕಳಿಸಿದರು. ಆದರೆ ಪರಿಶೀಲಕರು ಒಪ್ಪದೆ ಏನೂ ಬದಲಾಗದು. ಕನ್ನಡಕ್ಕೆ ಇದ್ದ ಪರಿಶೀಲಕರು ಒಬ್ಬರೇ. ಅವರ ಮುಖ ಯಾರೂ ಕಂಡಿಲ್ಲ. 'ಸೂಜಿಮೊನೆ' ಎಂಬ ಅಡ್ಡಹೆಸರಷ್ಟೇ ಗೊತ್ತು. ಸೂಜಿಮೊನೆಯಿಂದ ಉತ್ತರ ಬರಲಿಲ್ಲ.

ಇನ್ನು ಉಳಿದದ್ದು ಒಂದೇ ದಾರಿ: ತಡವಾದ ಪುಸ್ತಕ ಕೌಂಟರು ಮುಟ್ಟಬಾರದು. ಕಾಲೇಜಿಗೆ ರಜೆ ಹೇಳಿ, ಮೇಷ್ಟ್ರು ಗ್ರಂಥಾಲಯದ ಬಾಗಿಲಲ್ಲಿ, ಬೆಕ್ಕಿನ ಮನೆಗೆ ಕಾವಲು ಬಂದ ಇಲಿಯಂತೆ ನಿಂತರು.

"ಪುಸ್ತಕ ತೋರಿಸಿ ಸಾರ್, ತಾರೀಕು ನೋಡ್ಬೇಕು."

"ನೀವ್ಯಾರ್ರೀ ನೋಡೋಕೆ?" ನಿವೃತ್ತ ಪೋಸ್ಟ್‌ಮಾಸ್ಟರ್ ಗುರಾಯಿಸಿದರು.

"ತಡವಾಗಿದೆಯಲ್ಲ, ನನ್ ಕೈಗೇ ಕೊಡಿ. ಒಳಗೆ ಹೋಗೋ ತೊಂದ್ರೆ ನಿಮಗ್ಯಾಕೆ?"

ಪೋಸ್ಟ್‌ಮಾಸ್ಟರ್ ಮುಖ ಅರಳಿತು. ಬೀದಿಗೆಲ್ಲ ಕೇಳುವಂತೆ ಕೂಗಿದರು: "ಬನ್ರಪ್ಪಾ! ಹಳೇ ಪುಸ್ತಕ ಇಲ್ಲೇ ಕೊಡಬಹುದಂತೆ. ಯಾರೂ ಬೈಯಲ್ವಂತೆ!"

ಟೈಲರ್ ಕಪಾಟಿನ ಮುರಿದ ಕಾಲಿಗೆ ಆಸರೆ ಕೊಟ್ಟಿದ್ದ ನಿಘಂಟನ್ನೇ ಎಳೆದು ತಂದ. ದಂತವೈದ್ಯೆ ಮಗಳ ಬಾಣಂತನದಲ್ಲಿ ಒಯ್ದಿದ್ದ ಪುಸ್ತಕ ತಂದರು. ಮೊಮ್ಮಗ ಈಗ ಶಾಲೆಗೆ ಹೋಗುತ್ತಿದ್ದ. ಮೇಷ್ಟ್ರ ಕೈಯಲ್ಲಿನ ರಾಶಿ ಗಲ್ಲ ಮುಟ್ಟಿತು.

"ಅಯ್ಯೋ, ಬಾಗಿಲಲ್ಲೇ ನಿಂತಿದ್ದೀರಲ್ಲ!" ಬೆನ್ನ ಹಿಂದೆ ಅತ್ತೆಯ ದನಿ. "ಒಳಗೆ ಎಲ್ಲರೂ ಕಾಯ್ತಿದ್ದಾರೆ. ಮೊದಲನೇ ಪುಸ್ತಕ ನಿಮ್ಮ ಕೈಯಿಂದಲೇ ಆಗ್ಲಿ."

"ಬೇಡ ಅತ್ತೆ, ಇವೆಲ್ಲ ತಡ ಆದವು..."

"ತಡ ಆದದ್ದೇ ಬೇಕು."

ಅತ್ತೆ ಅವರನ್ನು ಒಳಗೆ ಕರೆದೊಯ್ದು, ರಾಶಿಯಿಂದ ನಿಘಂಟನ್ನು ಎಳೆದು ಕೌಂಟರಿನ ಸ್ಕ್ಯಾನರಿನ ಕೆಂಪು ಬೆಳಕಿಗೆ ಹಿಡಿದರು. ಮೇಷ್ಟ್ರು ಕಣ್ಣು ಮುಚ್ಚಿದರು. ಯಾರೋ ಕಿಸಕ್ಕೆಂದರು. ಕಣ್ಣು ಬಿಟ್ಟರೆ, ಪರದೆಯ ಮೇಲೆ ಅಂಗೈಯಗಲದ ಅಕ್ಷರಗಳು:

"ಅತ್ತೆಯವರು ಬರುವ ಮೊದಲು ದಯವಿಟ್ಟು ಮನೆಗೆ ಬೀಗ ಹಾಕಿ."

"ಇದು ನಾನು ಬರೆದದ್ದಲ್ಲ!" ಮೇಷ್ಟ್ರು ಒದರಿದರು. "ನಾನು 'ದಯವಿಟ್ಟು' ಹಾಕೇ ಇರಲಿಲ್ಲ!"

ಇಡೀ ಕೋಣೆ ಅವರತ್ತ ತಿರುಗಿತು. ಬಾಯಿಂದ ಜಾರಿದ್ದು ಏನೆಂದು ಹೊಳೆಯುವಷ್ಟರಲ್ಲಿ ಅತ್ತೆ ತಣ್ಣಗೆ ಹೇಳಿದರು:

"ಅದನ್ನ ಹಾಕಿದ್ದು ನಾನು. ಸೂಜಿಮೊನೆ ಅಂದ್ರೆ ನಾನೇ."

"ಸಾಲನ್ನೇ ತೆಗೀಬಹುದಿತ್ತಲ್ಲ, ಅತ್ತೆ?"

"ನಾನು ಭಾಷೆ ತಿದ್ದೋಳು, ಅಳಿಯಂದ್ರೇ. ಅಭಿಪ್ರಾಯ ತಿದ್ದಲ್ಲ." ಅವರು ಅಂಗೈ ಚಾಚಿದರು. "ಬೀಗದ ಕೈ ಕೊಡಿ. ಮಧ್ಯಾಹ್ನವೇ ಬರ್ತೀನಿ. ಇನ್ನೇನೇನು ಬರೆದಿದ್ದೀರೋ, ಇಬ್ಬರೂ ಕೂತು ಒಂದೊಂದೇ ಸಾಲು ಓದೋಣ. ಮುಗಿಯೋವರೆಗೂ ಅಲ್ಲೇ ಇರ್ತೀನಿ."

ಕಡತ ಎಂಟು ಸಾವಿರ ಸಾಲಿನದು.