ಗಡಿಯಾರದ ಕಾಲೇಜಿನ ತಲೆಗಳು

ಕಟಿಂಗ್ ಅಂಗಡಿಯ ಬೆಂಚಿನ ಮೇಲೆ ಕೂತು ಸುಳ್ಳು ಹೇಳುವಷ್ಟು ಧೈರ್ಯ ನನಗಿಲ್ಲ. ಕತ್ತರಿ ಅಂಗಡಿಯವನ ಕೈಯಲ್ಲಿದೆ, ಕಿವಿ ನನ್ನವು. ಹಾಗಾಗಿ ಈಗ ಹೇಳುವುದೆಲ್ಲ ಅಕ್ಷರಶಃ ನಿಜ. ಕತ್ತರಿಯಣ್ಣ ಟೀ ಕುಡಿದು ಬರುವಷ್ಟರಲ್ಲಿ ಮುಗಿಸುತ್ತೇನೆ, ಕೂತಿರಿ. ಮುಂದಿನ ಸರದಿ ನಿಮ್ಮದೇ. ಸಂಜೆ ಕೆರೆಯ ಕಾಲೇಜಿನ ಹುಡುಗಿಯೊಬ್ಬಳನ್ನು ಮೊದಲ ಸಲ ಭೇಟಿಯಾಗಬೇಕು ಅಂದಿರಲ್ಲ, ಅದಕ್ಕೇ ಈ ಕತೆ ನೆನಪಾಯಿತು.

ಕತ್ತರಿಯಣ್ಣನ ಮಗಳು ಬುದ್ಧಿವಂತೆ. ತೊಂದರೆ ಶುರುವಾದದ್ದೇ ಅಲ್ಲಿಂದ. ದಡ್ಡಿಯಾಗಿದ್ದರೆ ಒಂದು ಕಾಲೇಜು ಸಿಕ್ಕರೂ ಸಾಕಿತ್ತು. ಇವಳಿಗೆ ಎರಡು ಸಿಕ್ಕಿದವು. ದೊಡ್ಡ ಮನುಷ್ಯರೇ ತಮ್ಮ ಮಕ್ಕಳಿಗೊಂದು ಸೀಟಿಗಾಗಿ ಬಾಗಿಲು ಕಾಯುವಂಥವು ಎರಡೂ. ಒಂದು ಗಡಿಯಾರದ ಕಾಲೇಜು, ಇದೇ ಬೀದಿಯ ತುದಿಯಲ್ಲಿ. ಇನ್ನೊಂದು ಕೆರೆಯ ಕಾಲೇಜು. ಊರಾಚೆ, ಹಾಸ್ಟೆಲಿನಲ್ಲೇ ಇರಬೇಕು. ಯಾವುದಕ್ಕೆ ಸೇರುತ್ತೇನೆಂದು ಅವಳು ಈ ಕತೆ ನಡೆದ ದಿನ ಸಂಜೆಯೊಳಗೆ ತಿಳಿಸಬೇಕಿತ್ತು.

ತಾಯಿಯಿಲ್ಲದ ಮಗಳು. ಎದುರಿಗೆ ಅವಳು ಕೂರದಿದ್ದರೆ ಅಪ್ಪನಿಗೆ ತುತ್ತು ಇಳಿಯುವುದಿಲ್ಲ. ಹತ್ತಿರದ ಕಾಲೇಜಿಗೇ ಸೇರಲಿ ಎಂದು ಅವನ ಆಸೆ. ಆದರೆ ಅದನ್ನು ಬಾಯಿಬಿಟ್ಟು ಹೇಳದೆ, ಯಾವುದು ನಿನ್ನಿಷ್ಟ ಎಂದು ಮೆಲ್ಲಗೆ ಕೇಳಿದ.

"ಪಾಠ ಎರಡು ಕಡೆನೂ ಒಂದೇ ಅಪ್ಪ," ಎಂದಳು ಮಗಳು. "ಎರಡು ವರ್ಷ ಗೋಡೆ ಮುಖ ನೋಡ್ಕೊಂಡು ಓದಿದೀನಿ. ಇನ್ಮೇಲೆ ನೋಡೋ ಹಾಗಿರೋ ಮುಖ ಬೇಕು, ನಗೋ ಜನ ಬೇಕು. ಮಧ್ಯಾಹ್ನ ಎರಡೂ ಕಡೆ ಹೋಗಿ ನೋಡಿ ಹೇಳ್ತೀನಿ."

ಅಪ್ಪ ಅಂಗಡಿಗೆ ಬಂದು ಬೀದಿ ನೋಡಿದ. ಗಡಿಯಾರದ ಕಾಲೇಜಿನ ಹುಡುಗರು ಹೋಗುತ್ತಿದ್ದರು. ಪರೀಕ್ಷೆಯ ಕಾಲ. ಗುಬ್ಬಚ್ಚಿ ಗೂಡು ಕಟ್ಟಿ, ಬೇಸತ್ತು, ಬಿಟ್ಟುಹೋದಂಥ ತಲೆಗಳು. ಪುಸ್ತಕದ ಜೊತೆ ಬಿಟ್ಟರೆ ಬೇರೆ ಯಾರ ಜೊತೆಗೂ ಮಾತಿಲ್ಲ. "ಇವ್ರನ್ನ ನೋಡಿದ್ರೆ ಮಗಳು ಕೆರೆ ಕಾಲೇಜಿಗೇ ಹೋಗ್ತಾಳೆ," ಎಂದು ಕತ್ತರಿಯಣ್ಣ ಗೊಣಗಿದ.

ಪಕ್ಕದ ಇಸ್ತ್ರಿ ಅಂಗಡಿಯ ಅಕ್ಕನಿಗೆ ಎರಡು ಕಸುಬು. ಒಂದು ಇಸ್ತ್ರಿ, ಇನ್ನೊಂದು ಕೇಳದವರಿಗೆ ಬುದ್ಧಿ ಹೇಳುವುದು. "ಮುಖ ಎಲ್ಲ ಚೆನ್ನಾಗೇ ಇದಾವೆ ಕಣಪ್ಪ," ಎಂದಳು. "ಮೇಲಿನ ಪೊದೆ ಸವರಿದ್ರೆ ಕಾಣ್ತಾವೆ. ಅದೇನು ನಾನು ಬಂದು ಸವರಬೇಕಾ?"

ಕತ್ತರಿಯಣ್ಣ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಹೊರಟ. ಗೇಟಿನಲ್ಲಿ ಕಾವಲುಗಾರ ತಡೆದ. ಅವನಿಗೆ ಅಲ್ಲೇ ಕಟಿಂಗ್ ಆಯಿತು, ಗೇಟು ತೆರೆಯಿತು. ಮರದ ಕೆಳಗೆ ಕುರ್ಚಿ ಹಾಕಿದರೆ ಒಬ್ಬನೂ ಹತ್ತಿರ ಬರಲಿಲ್ಲ. ನಾಳೆ ಪರೀಕ್ಷೆ, ಪುರುಸೊತ್ತಿಲ್ಲ ಎಂದರು.

"ನೀನು ಓದ್ತಾ ಇರು ಮಾರಾಯ, ತಲೆ ಒಂದು ನಂಗೆ ಕೊಡು," ಎಂದು ಒಬ್ಬನನ್ನು ಹಿಡಿದು ಕೂರಿಸಿದ.

ಪೊದೆ ಉದುರಿತು. ಒಳಗಿನಿಂದ ಸಾಕಷ್ಟು ಲಕ್ಷಣವಾದ ಹುಡುಗನೊಬ್ಬ ಹೊರಬಂದ. ಅವನನ್ನು ನೋಡಿ ಇನ್ನೊಬ್ಬ ಬಂದ, ಆಮೇಲೆ ಸಾಲೇ ಬೆಳೆಯಿತು. ಸಾಲಿನಲ್ಲಿ ನಿಂತವರು ಎಷ್ಟು ಹೊತ್ತು ಓದುತ್ತಾರೆ? ಒಂದೇ ಕ್ಲಾಸಿನವರು ಮೊದಲ ಸಲ ಒಬ್ಬರಿಗೊಬ್ಬರು ಹೆಸರು ಕೇಳಿಕೊಂಡರು. ಯಾರೋ ನಕ್ಕರು. ನಗು ಕೇಳಿ, ಏನಾಯಿತೋ ಎಂದು ಗಾಬರಿಯಾಗಿ ಹುಡುಗಿಯರು ಲೈಬ್ರರಿಯಿಂದ ಓಡಿಬಂದರು, ಬಂದವರು ಅಲ್ಲೇ ಉಳಿದರು. ಗದರಿಸಲು ಬಂದ ಪ್ರಿನ್ಸಿಪಾಲರು ತಾವೂ ಟೋಪಿ ತೆಗೆದು ಕೂತರು. ಟೋಪಿಯ ಕೆಳಗೆ ಕತ್ತರಿಗೆ ಕೆಲಸವೇ ಇರಲಿಲ್ಲ. ಆದರೂ ಕತ್ತರಿಯಣ್ಣ ಮರ್ಯಾದೆಗೆಂದು ಗಾಳಿಯಲ್ಲೇ ಕಟಕಟ ಎನಿಸಿ, ಭುಜ ಒರೆಸಿ ಕಳಿಸಿದ.

ಮಧ್ಯಾಹ್ನ ಮಗಳು ಗೇಟಿನಲ್ಲಿ ಕಂಡಳು. ಅಪ್ಪ ಕುತ್ತಿಗೆಗೆ ಸುತ್ತುವ ಬಿಳಿ ಬಟ್ಟೆಯನ್ನೇ ಹೊದ್ದು ಮರದ ಹಿಂದೆ ನಿಂತ. ಎಲ್ಲೆಲ್ಲೂ ಮಾತು, ನಗು, ಮಿಂಚುವ ಮುಖಗಳು. ಮಗಳು ಒಬ್ಬೊಬ್ಬರನ್ನೇ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಗೆದ್ದೆ ಅಂದುಕೊಂಡ ಅಪ್ಪ ಮನೆಗೆ ಹೋಗಿ ಅಡುಗೆ ಮಾಡಿ ಎರಡು ತಟ್ಟೆ ಇಟ್ಟ. ಮುಂದಿನದು ನನ್ನ ಮನೆಗೂ ಅವನ ಮನೆಗೂ ನಡುವಿನ ಗೋಡೆ ಹೇಳಿದ್ದು, ಗೋಡೆ ತೆಳು.

"ಕೆರೆ ಕಾಲೇಜು ಅಂತ ಹೇಳಿಬಂದೆ ಅಪ್ಪ."

"ಯಾಕೆ? ಇಲ್ಲಿ ಎಲ್ಲ ಅಷ್ಟು ಚೆನ್ನಾಗಿ ನಗ್ತಿದ್ರಲ್ಲ?" ಎಂದುಬಿಟ್ಟ ಅಪ್ಪ.

"ಜನ ಒಳ್ಳೆಯವ್ರೇ. ಆದ್ರೆ ಹಿಂದೆ ಮೆಟ್ಲು, ಕಿವಿ ಮೇಲೆ ಕಮಾನು, ಹಣೆ ಮೇಲೆ ಸ್ಕೇಲ್ ಇಟ್ಟ ಹಾಗೆ ಗೆರೆ. ನಿಂಗೆ ಬರೋದು ಅದೊಂದೇ ಕಟಿಂಗು, ಚಿಕ್ಕಪ್ಪಂಗೂ ಅದೇ. ಯಾರನ್ನ ನೋಡಿದ್ರೂ ನಮ್ಮ ಚಿಕ್ಕಪ್ಪನೇ ಕಂಡ. ಒಂದು ಕಾಲೇಜಿನ ತುಂಬ ಚಿಕ್ಕಪ್ಪಂದಿರನ್ನ ಇಟ್ಕೊಂಡು ನಾನೇನು ಮಾಡ್ಲಿ?"

ಅಪ್ಪ ಒಂದು ತಟ್ಟೆ ಎತ್ತಿಟ್ಟ ಸದ್ದಾಯಿತು. ಮಗಳು, "ಮರದ ಹಿಂದೆ ಬಟ್ಟೆ ಹೊದ್ದು ನಿಂತ್ರೆ ಕಾಲು ಕಾಣಲ್ವಾ?" ಎಂದಳು. ಆಮೇಲೆ ಮೆತ್ತಗೆ, "ಭಾನುವಾರ ಭಾನುವಾರ ಊಟಕ್ಕೆ ಬರ್ತೀನಿ. ತಟ್ಟೆ ತೆಗೀಬೇಡ."

ಬರುತ್ತಾಳೆ, ತಪ್ಪಿಸಿಲ್ಲ. ಗೆಳತಿಯರನ್ನೂ ಕರೆತರುತ್ತಾಳೆ, ಆ ಮನೆಯಲ್ಲಿ ಈಗ ತಟ್ಟೆ ಸಾಲುವುದಿಲ್ಲ. ಗಡಿಯಾರದ ಕಾಲೇಜಿನವರು ಮಾತಾಡುವುದನ್ನು ನಿಲ್ಲಿಸಿಲ್ಲ; ಪ್ರಿನ್ಸಿಪಾಲರು ತಿಂಗಳಿಗೊಮ್ಮೆ ಕತ್ತರಿಯಣ್ಣನನ್ನು ಮರದ ಕೆಳಗೆ ಕರೆಸಿ, ತಾವೇ ಮೊದಲು ಕೂರುತ್ತಾರೆ.

ಕಷ್ಟ ಒಂದೇ. ಮಗಳು ಈ ಕತೆಯನ್ನು ಕೆರೆಯ ಕಾಲೇಜಿನಲ್ಲೆಲ್ಲ ಹೇಳಿಬಿಟ್ಟಿದ್ದಾಳೆ. ಈಗ ಅಲ್ಲಿನ ಹುಡುಗಿಯರು ಈ ಅಂಗಡಿಯ ಕಟಿಂಗನ್ನು ದೂರದಿಂದಲೇ ಗುರುತು ಹಿಡಿದು, "ಚಿಕ್ಕಪ್ಪ ಬಂದ್ರು, ಕಾಲಿಗೆ ಬೀಳ್ರೇ" ಅಂತ... ಅರೆ, ಎದ್ದಿರಿ ಯಾಕೆ? ಅಗೋ ಕತ್ತರಿಯಣ್ಣ ಬಂದ, ನಿಮ್ಮದೇ ಸರದಿ. ಬೆಳಗಿನಿಂದ ಬಂದವರೆಲ್ಲ ಹೀಗೇ ಎದ್ದುಹೋಗುತ್ತಿದ್ದಾರೆ, ಯಾಕೆ ಅಂತ ಪಾಪ ಅವನಿಗೂ ತಿಳಿಯದು. ಸ್ವಲ್ಪ ನಿಲ್ಲಿ, ನಾನಿನ್ನೂ ಮುಖ್ಯವಾದ ವಿಷಯವನ್ನೇ ಹೇಳಿಲ್ಲ...