ಎಂಟನೇ ತಾರೀಖಿನ ರಾತ್ರಿ

ಮೇಷ್ಟ್ರು ಮೂರು ಸಲ ಕೂಡಿದರು. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ, ಕೊನೆಗೆ ದೇವರನ್ನು ನೆನೆದುಕೊಂಡು. ಹೇಗೆ ಕೂಡಿದರೂ ನಾನೂರ ತೊಂಬತ್ತೊಂಬತ್ತೇ!

ದೇಶದ ಜನರನ್ನೆಲ್ಲ ಎಣಿಸುವ ಗಣತಿಯಲ್ಲಿ ಒಂದು ತಲೆ ಕಡಿಮೆಯಾದರೇನು ಮಹಾ ಎನ್ನಬೇಡಿ. ಐನೂರು ಜನರಿರುವ ಕೇರಿಗೆ ಒಂದು ಆಸ್ಪತ್ರೆ ಎಂದು ಸರ್ಕಾರ ಈ ಸಲ ಗೊತ್ತು ಮಾಡಿತ್ತು. ಆಸ್ಪತ್ರೆಗೆ ನರ್ಸ್ ಬೇಕು. ಮೇಷ್ಟ್ರ ಹೆಂಡತಿ ನರ್ಸು, ಬಸ್ಸಿನಲ್ಲಿ ಮೂರು ಗಂಟೆ ದೂರದ ಊರಿನಲ್ಲಿ. ಮದುವೆಯಾಗಿ ಮೂರು ವರ್ಷವಾದರೂ ವಾರಕ್ಕೊಂದು ದಿನ ಸಂಸಾರ, ಉಳಿದ ಆರು ದಿನ ಫೋನು. ಪಾಪ, ವರ್ಗದ ಅರ್ಜಿ ಬರೆದಿಟ್ಟುಕೊಂಡು ಅವಳು ಕಾಯುತ್ತಿದ್ದಳು. ಸಂಜೆ ಐದಕ್ಕೆ ಸಾಹೇಬರು ಬಂದು ಲೆಕ್ಕಕ್ಕೆ ಸಹಿ ಹಾಕುವವರಿದ್ದರು.

ಮೇಷ್ಟ್ರು ವಿಷಯವನ್ನು ಗುಟ್ಟಾಗಿ ದರ್ಜಿ ಅಕ್ಕನೊಬ್ಬಳಿಗೇ ಹೇಳಿದರು. ಹತ್ತು ನಿಮಿಷದಲ್ಲಿ ಇಡೀ ಕೇರಿಗೆ ಗೊತ್ತಾಯಿತು.

"ಅಷ್ಟಕ್ಕೆ ಯಾಕ್ ಮುಖ ಸಪ್ಪಗೆ ಮಾಡ್ಕೋತೀರಿ? ನಮ್ಮ ಸೊಸೆಗೆ ಒಂಬತ್ತು ತಿಂಗಳು. ಮಗೂನ ಬರ್ಕೊಂಬಿಡಿ" ಎಂದಳು ಅಕ್ಕ.

"ಇನ್ನೂ ಹುಟ್ಟೇ ಇಲ್ವಲ್ಲಕ್ಕಾ! ಎಂಟನೇ ತಾರೀಖಿನ ರಾತ್ರಿ ಯಾರು ಎಲ್ಲಿ ಮಲಗಿದ್ರೋ ಅಲ್ಲೇ ಅವರ ಲೆಕ್ಕ. ನಿಯಮ ಅಂದ್ರೆ ನಿಯಮ."

"ಅದೂ ಇಲ್ಲೇ ಮಲಗಿತ್ತಲ್ಲಪ್ಪ, ಅವರಮ್ಮನ ಹೊಟ್ಟೇಲಿ!"

ಅಕ್ಕನಿಂದ ತಪ್ಪಿಸಿಕೊಂಡು ತಿರುಗಿದರೆ ಪೋಸ್ಟ್ ತಾತ. ಬಸ್ ನಿಲ್ದಾಣದಲ್ಲಿ ಆಗಷ್ಟೇ ಇಳಿದ ಅಳಿಯನನ್ನು ಕೈಹಿಡಿದು ಎಳೆದುಕೊಂಡೇ ಬಂದಿದ್ದರು.

"ಎಂಟನೇ ತಾರೀಖಿನ ರಾತ್ರಿ ಎಲ್ಲಿ ಮಲಗಿದ್ರಿ?" ಮೇಷ್ಟ್ರು ಕೇಳಿದರು.

"ನಮ್ಮನೇಲಿ. ಇನ್ನೆಲ್ಲಿ?" ಎಂದ ಅಳಿಯ.

"ಅಳಿಯಂದಿರೇ, ದಾರಿಯುದ್ದಕ್ಕೂ ನಾನು ಹೇಳಿಕೊಟ್ಟಿದ್ದೇನು, ನೀವು ಒದರಿದ್ದೇನು!" ತಾತ ಹಣೆ ಚಚ್ಚಿಕೊಂಡರು.

ಹೀಗೆ ಮಧ್ಯಾಹ್ನದವರೆಗೆ ಹನ್ನೊಂದು ಜನ ಬಂದರು. ಹನ್ನೊಂದು ಜನಕ್ಕೂ ಅದೇ ಪ್ರಶ್ನೆ, ಹನ್ನೊಂದು ಜನವೂ ವಾಪಸ್. ಹೆಂಡತಿ ಬರಲಿ ಎಂದು ಸುಳ್ಳು ಬರೆಯುವ ಪೈಕಿಯಲ್ಲ ನಮ್ಮ ಮೇಷ್ಟ್ರು.

ನಾಲ್ಕೂವರೆಗೆ ಸಲೂನಿನವನು ಏದುಸಿರು ಬಿಡುತ್ತ ಓಡಿ ಬಂದ. "ಸಿಕ್ಕಿದ್ರು ಮೇಷ್ಟ್ರೇ! ನಮ್ಮ ಭಾವ! ಅವತ್ತು ನಮ್ಮಕ್ಕನ ಜೊತೆ ಜಗಳ ಆಡ್ಕೊಂಡು ಬಂದು ನಮ್ಮ ಸಲೂನ್ ಕುರ್ಚೀಲೇ ಮಲಗಿದ್ರು. ಕತ್ತು ಇನ್ನೂ ನೆಟ್ಟಗಾಗಿಲ್ಲ, ನೋಡಿ ಬೇಕಾದ್ರೆ."

"ಅವರ ಮನೇಲಿ ಬರೆಸಿರ್ತಾರಲ್ಲ?"

"ಎಲ್ಲಿ ಬರೆಸ್ತಾಳೆ? ಗಂಡನ ಹೆಸರು ಕೇಳಿದ್ದಕ್ಕೆ, ಅಂಥವರ್ಯಾರೂ ಇಲ್ಲಿಲ್ಲ ಅಂದ್ಬಿಟ್ಟಿದಾಳೆ!"

ಐನೂರು! ಮೇಷ್ಟ್ರಿಗೆ ಆ ಓರೆ ಕತ್ತಿಗೇ ಮುತ್ತಿಡುವಷ್ಟು ಸಂತೋಷವಾಯಿತು.

ಸಾಹೇಬರು ಬಂದರು, ಲೆಕ್ಕ ನೋಡಿದರು, "ಭೇಷ್" ಎಂದು ಪೆನ್ನು ತೆಗೆದರು. ಅಷ್ಟರಲ್ಲಿ ಹೆಂಡತಿಯ ಫೋನು. ಕೇರಿಯವರೆಲ್ಲ ಕೇಳಲಿ ಎಂದು ಮೇಷ್ಟ್ರು ಸ್ಪೀಕರ್ ಹಾಕಿದರು.

"ರೀ, ಒಂದು ತಮಾಷೆ ಕೇಳಿ. ಇಲ್ಲೂ ಲೆಕ್ಕ ಮುಗೀತು, ಸರಿಯಾಗಿ ಐನೂರು! ಒಬ್ಬರು ಕಡಿಮೆ ಆಗಿದ್ರೂ ಈ ಆಸ್ಪತ್ರೆ ಮುಚ್ಚಿ ನನ್ನನ್ನ ಅಲ್ಲಿಗೇ ಕಳಿಸ್ತಿದ್ರಂತೆ. ಎಲ್ಲಾ ನಿಮ್ಮ ಗೊರಕೆಯಿಂದ!"

"ನನ್ನ ಗೊರಕೆ ಏನ್ ಮಾಡ್ತು?"

"ಎಂಟನೇ ತಾರೀಖು ಶನಿವಾರ, ನೀವು ಬಂದಿದ್ರಲ್ಲ. ಮಾರನೇ ದಿನ ಬೆಳಗ್ಗೇನೇ ಗಣತಿಯವರು ಬಂದ್ರು. ಗೊರಕೆ ಕೇಳಿ, ಒಳಗೆ ಯಾರೋ ಮಲಗಿದಾರಲ್ಲ ಅಂದ್ರು. ನಿಯಮ ಅಂದ್ರೆ ನಿಯಮ, ಬರೆಸಿದೆ. ಹೋಗ್ಲಿ ಬಿಡಿ, ನಿಮ್ಮ ಕೇರೀಲಿ ಐನೂರು ಆಯ್ತು ತಾನೆ?"

ಸಾಹೇಬರು ಮೊದಲನೇ ಪುಟಕ್ಕೆ ತಿರುಗಿಸಿದರು. ಪೆನ್ನು ಬರೆಯುತ್ತದೋ ಇಲ್ಲವೋ ನೋಡಲು ಮೇಷ್ಟ್ರು ಮೊದಲ ಸಾಲಿನಲ್ಲೇ ತಮ್ಮ ಹೆಸರು ಬರೆದಿದ್ದರು.

"ಮೇಷ್ಟ್ರೇ, ಎಂಟನೇ ತಾರೀಖಿನ ರಾತ್ರಿ ಎಲ್ಲಿ ಮಲಗಿದ್ರಿ?"

ಮೇಷ್ಟ್ರು ಪೆನ್ನು ತೆಗೆದುಕೊಂಡು ಪಟ್ಟಿಯಿಂದ ತಮ್ಮನ್ನು ತಾವೇ ಹೊಡೆದುಹಾಕಿದರು.

ಅಂದೂ ಶನಿವಾರವೇ. ಆರರ ಬಸ್ಸಿಗೆ ಅವರು ಚೀಲ ಹೆಗಲಿಗೇರಿಸಿದಾಗ ದರ್ಜಿ ಅಕ್ಕ ಬಾಗಿಲಲ್ಲಿ ನಿಂತು ಸಮಾಧಾನ ಹೇಳಿದಳು: "ಹೋಗಿಬನ್ನಿ ಮೇಷ್ಟ್ರೇ. ಆಸ್ಪತ್ರೆ ಅಲ್ಲೇ ಇದೆ, ಹೆಂಡ್ತೀನೂ ಅಲ್ಲೇ ಇದಾಳೆ. ಸರ್ಕಾರದ ಲೆಕ್ಕದಲ್ಲಿ ನೀವೂ ಅಲ್ಲೇ ಇದೀರಿ!"