ಅಡ್ಡ ನಿಂತ ಅಣ್ಣನಿಗೆ ಹೆಣ್ಣು ಹುಡುಕಿದ್ದು

ಬದುಕಿರುವ ಹುಡುಗನಿಗೆ ಹೆಣ್ಣು ಸಿಗುವುದೇ ಕಷ್ಟ ಎಂದು ಗೋಳಾಡುವವರು ಒಮ್ಮೆ ಸತ್ತ ಹುಡುಗನಿಗೆ ಹುಡುಕಿ ನೋಡಬೇಕು. ನಾನು ಹುಡುಕಿದ್ದೇನೆ. ಹಾಗೆಂದು ನನಗೆ ಪ್ರೇತ ಪಿಶಾಚಿಗಳಲ್ಲಿ ನಂಬಿಕೆ ಉಂಟೆಂದು ತಿಳಿಯಬೇಡಿ. ಆಗಲೂ ಇರಲಿಲ್ಲ, ಈಗಲೂ ಇಲ್ಲ. ಹಗಲು ಹೊತ್ತಾದರೆ ಎಂಥ ಹುಣಸೆ ಮರದ ಬುಡಕ್ಕೂ ಒಬ್ಬನೇ ಹೋಗಬಲ್ಲೆ.

ಆಗ ನಾನು ಬಿ.ಸಿ.ರೋಡಿನಲ್ಲಿ ಬಸ್ ಏಜೆಂಟನಾಗಿದ್ದೆ. ಬಸ್ಸು ಬಂದು ನಿಂತ ಕೂಡಲೇ ಊರುಗಳ ಹೆಸರು ಕೂಗಿ ಜನ ಹತ್ತಿಸುವುದು ನನ್ನ ಕೆಲಸ. ಪಾಣೆಮಂಗಳೂರಿಗೆ ಹೊರಟವನನ್ನು ಬರೀ ಮಾತಿನಲ್ಲೇ ಮೂಡಬಿದ್ರೆಯ ಬಸ್ಸಿಗೆ ಹತ್ತಿಸುವವ ಎಂದು ನನಗೊಂದು ಹೆಸರಿತ್ತು. ಅದನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೆ. ಇಂಥ ಚುರುಕಿನ ಹುಡುಗನಿಗೆ ಹೆಣ್ಣು ಕೊಡಲು ಜನ ಸಾಲುಗಟ್ಟಿ ನಿಲ್ಲಬೇಕಿತ್ತು. ಆದರೆ ಹೋದ ಮನೆಯವರೆಲ್ಲ ಬೆಲ್ಲ ನೀರು ಕೊಟ್ಟು, ನನ್ನ ಮಾತು ಕೇಳಿ, "ತಿಳಿಸ್ತೇವೆ" ಎಂದು ಕಳುಹಿಸಿದರು. ಯಾರೂ ತಿಳಿಸಲಿಲ್ಲ. ಮೂಡಬಿದ್ರೆಯ ಹತ್ತಿರದ ಒಂದು ಮನೆಯ ಹುಡುಗಿಯಂತೂ ನನಗೆ ತುಂಬ ಹಿಡಿಸಿದ್ದಳು. ಅವಳ ಅಪ್ಪನಿಗೆ ನಾನು ರಸ್ತೆಯ ತಿರುವುಗಳು, ಡ್ರೈವರುಗಳ ಗುಣ, ಎಂಜಿನ್ನಿನ ಕಾಯಿಲೆ ಎಲ್ಲವನ್ನೂ ಬಿಡಿಸಿ ಹೇಳಿದ್ದೆ. ಅವರು ನಡುನಡುವೆ "ಹೌದಾ" ಎನ್ನುತ್ತಿದ್ದರು. ಆ ಮನೆಯಿಂದಲೂ ಸುದ್ದಿ ಬರದಿದ್ದಾಗ ನನಗೆ ನಿಜಕ್ಕೂ ದುಃಖವಾಯಿತು.

ಅಮ್ಮನೂ ಸೋದರಮಾವನೂ ಬೆಳ್ತಂಗಡಿ ಕಡೆಯ ಒಬ್ಬ ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು. ಕವಡೆ ನೋಡಿದ ಜೋಯಿಸರು, "ನಿಮ್ಮ ದೊಡ್ಡ ಮಗ ಅಡ್ಡ ನಿಂತಿದ್ದಾನೆ" ಎಂದರು. ನನಗಿಂತ ಮೊದಲು ಒಂದು ಗಂಡುಮಗು ಹುಟ್ಟಿ ತೊಟ್ಟಿಲಲ್ಲೇ ಹೋಗಿತ್ತು. ಮನೆಯಲ್ಲಿ ಯಾರೂ ಅದರ ಮಾತೆತ್ತುತ್ತಿರಲಿಲ್ಲ. ಸತ್ತವರೂ ಅವರ ಲೋಕದಲ್ಲಿ ನಮ್ಮ ಹಾಗೆಯೇ ಬೆಳೆಯುತ್ತಾರೆಂದು ನಮ್ಮವರ ನಂಬಿಕೆ. ಅಣ್ಣ ಅಲ್ಲಿ ಬೆಳೆದು ಮದುವೆಯ ಪ್ರಾಯಕ್ಕೆ ಬಂದಿದ್ದಾನೆ, ತನಗಾಗದೆ ತಮ್ಮನಿಗೆ ಆಗಲು ಬಿಡುತ್ತಿಲ್ಲ. "ಅವನು ಹೇಳುವುದರಲ್ಲಿ ನ್ಯಾಯ ಉಂಟು ಮಾರಾಯ" ಎಂದು ಮಾವ ಅವನ ಪಕ್ಷ ವಹಿಸಿದರು. ಹುಡುಗಿಯಾಗಿರುವಾಗಲೇ ತೀರಿಕೊಂಡ ಹೆಣ್ಣೊಂದನ್ನು ನಮ್ಮ ಜಾತಿಯಲ್ಲಿ, ಬೇರೆ ಬರಿಯಲ್ಲಿ, ಎಂದರೆ ಬೇರೆ ಗೋತ್ರದಲ್ಲಿ ಹುಡುಕಿ ಆ ಎರಡು ಪ್ರೇತಗಳಿಗೆ ಕುಲೆ ಮದುವೆ ಮಾಡಿಸಬೇಕು. ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಊರೂರಿನ ಜನ ಹಾದುಹೋಗುವುದು ನನ್ನ ಎದುರಿನಿಂದಲೇ ಅಲ್ಲವೇ?

ಬಸ್ಸು ಹತ್ತುವ ಪರಿಚಯದವರನ್ನೆಲ್ಲ ಪಕ್ಕಕ್ಕೆ ಕರೆದು, "ನಿಮ್ಮ ಕಡೆ ಸತ್ತ ಹುಡುಗಿ ಯಾರಾದರೂ ಉಂಟಾ?" ಎಂದು ಕೇಳತೊಡಗಿದೆ. ಘಟ್ಟದ ಮೇಲಿನ ಪ್ರಯಾಣಿಕನೊಬ್ಬ ಇದನ್ನು ಕೇಳಿಸಿಕೊಂಡು ಬಸ್ಸಿನಿಂದ ಇಳಿದೇ ಹೋದ. ನಮ್ಮವರು ಮಾತ್ರ ನೆಮ್ಮದಿಯಿಂದ ಯೋಚಿಸಿ, "ಒಂದು ಇತ್ತು, ಹೋದ ಆಟಿ ತಿಂಗಳಲ್ಲಿ ಅದಕ್ಕೂ ಮದುವೆ ಆಯ್ತು" ಎನ್ನುತ್ತಿದ್ದರು. ಒಳ್ಳೆಯ ಸಂಬಂಧಗಳು ಆ ಲೋಕದಲ್ಲಿಯೂ ಬೇಗ ಖರ್ಚಾಗುತ್ತವೆ.

ಕೊನೆಗೆ ಬೆಳ್ತಂಗಡಿಯಿಂದಾಚೆ ಒಂದು ಮನೆ ಸಿಕ್ಕಿತು. ಅಮ್ಮ, ಮಾವ, ನಾನು ಹೋದೆವು. ಹುಡುಗಿಯ ಅಜ್ಜಿ ಜಗಲಿಯಲ್ಲಿ ಕುಳಿತು ವಿಚಾರಣೆ ನಡೆಸಿದರು.

"ಹುಡುಗ ನೋಡಲಿಕ್ಕೆ ಹೇಗೆ?"

ಹುಡುಗನನ್ನು ಯಾರು ನೋಡಿದ್ದಾರೆ? ಮಾವ ನನ್ನನ್ನು ಮುಂದಕ್ಕೆ ತಳ್ಳಿ, "ತಮ್ಮ ಇದ್ದಾನಲ್ಲ, ಹೆಚ್ಚುಕಡಿಮೆ ಹೀಗೇ" ಎಂದರು. ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸಂತೆಯ ಎತ್ತನ್ನೂ ಯಾರೂ ಹಾಗೆ ನೋಡಿರಲಿಕ್ಕಿಲ್ಲ. "ನಮ್ಮ ಹುಡುಗಿ ಒಳ್ಳೆ ಬಿಳಿ ಇದ್ದಳು" ಎಂದು ರಾಗ ಎಳೆದರು. ನಾನು ಬಿಸಿಲಲ್ಲಿ ನಿಲ್ಲುವ ಕೆಲಸದ ಕುರಿತು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಅಡ್ಡ ಬಾಯಿ ಹಾಕಿದಳು.

"ಇವನನ್ನು ನೋಡಿ ಹೇಳಬೇಡಿ. ದೊಡ್ಡವನು ಇವನ ಹಾಗಲ್ಲ. ಅವನ ಬಣ್ಣವೇ ಬೇರೆ. ಕೂದಲು ಗುಂಗುರು. ಅವನು ಹಠ ಮಾಡಿದ್ದೇ ಇಲ್ಲ."

ಅಷ್ಟು ವರ್ಷ ಅವನ ಬಗ್ಗೆ ಒಂದು ಮಾತನ್ನೂ ಆಡದಿದ್ದ ಅಮ್ಮ ಆ ಜಗಲಿಯಲ್ಲಿ ಅಣ್ಣನ ಕಣ್ಣು, ಕಿವಿ, ನಗು ಎಲ್ಲವನ್ನೂ ಹೇಳಿದಳು. ಅಜ್ಜಿ ಒಪ್ಪಿದರು. ನನಗೆ ಒಳಗೊಳಗೇ ಹೊಟ್ಟೆಕಿಚ್ಚಾಯಿತು.

ಮದುವೆಗೆಂದು ನಮ್ಮ ಬಸ್ಸಿನ ಧಣಿಗಳಲ್ಲಿ ರಜೆ ಕೇಳಿದೆ.

"ಯಾರ ಮದುವೆ?"

"ಅಣ್ಣನದ್ದು."

"ನಿನಗೆ ಅಣ್ಣ ಉಂಟಾ?"

"ಇಲ್ಲ."

ಅವರೂ ಈ ಊರಿನವರೇ. ಮತ್ತೇನೂ ಕೇಳದೆ, "ಆಯ್ತು, ಹೋಗಿ ಬಾ" ಎಂದರು.

ದಿಬ್ಬಣ ನಮ್ಮ ಮನೆಗೆ ಬರುವುದಿತ್ತು. ಹೊಸ ಪಂಚೆ, ಸೀರೆ, ಬಳೆ, ಬಾಚಣಿಗೆ, ಎಲ್ಲ ತಂದವನು ನಾನು. ಇನ್ನೇನು ಕಲಾಪ ಶುರುವಾಗಬೇಕು, ಆಗ ಮಾವ ನನ್ನ ತೋಳು ಹಿಡಿದು ಹೊರಗೆ ಕರೆತಂದರು. "ಮದುವೆ ಆಗದವರು ಇದನ್ನು ನೋಡಲಿಕ್ಕಿಲ್ಲ. ಆಚೆ ಮನೆ ಜಗಲಿಯಲ್ಲಿ ಕೂತುಕೋ." ಯಾರಿಗಾಗಿ ಇಷ್ಟೆಲ್ಲ ನಡೆಯುತ್ತಿತ್ತೋ ಅವನೇ ಹೊರಗೆ. ಬೇಲಿಯಾಚೆ ಕುಳಿತು ನಾನು ಶಪಿಸುತ್ತಿದ್ದೆ. ಆಗ ಅಮ್ಮನ ದನಿ ಕೇಳಿಸಿತು.

"ದೇಜಪ್ಪಾ, ಬಾ ಮಗಾ. ಹೆಂಡತಿಯ ಬದಿಯಲ್ಲಿ ಕೂತುಕೋ. ಬಡಿಸ್ತೇನೆ."

ಅಣ್ಣನಿಗೆ ಹೆಸರಿತ್ತೆಂಬುದೇ ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಮದುಮಗನೆಂದು ಮಣೆಯ ಮೇಲಿಟ್ಟ ಪಂಚೆಗೆ ಅಮ್ಮ ಊಟ ಬಡಿಸುತ್ತಿದ್ದಳು. ಅವಳ ದನಿಯಲ್ಲಿ ಅಳು ಇರಲಿಲ್ಲ. ಗಂಡಿನ ತಾಯಿಯ ಗತ್ತು ಇತ್ತು. ನಾನು ಅತ್ತುಬಿಟ್ಟೆ. ನಂಬಿಕೆ ಇಲ್ಲದವನು ಅಳಬಾರದೆಂದು ಯಾವ ಕಟ್ಟಳೆಯೂ ಇಲ್ಲ.

ಅದಾದ ಮೇಲೆ ಅಮ್ಮ ಪಟ್ಟು ಹಿಡಿದು ನನ್ನನ್ನು ಮತ್ತೆ ಮೂಡಬಿದ್ರೆಯ ಅದೇ ಮನೆಗೆ ಹೊರಡಿಸಿದಳು. ಅಲ್ಲಿ ಜಗಲಿ ಹತ್ತುವಾಗಲೇ, "ಇವನು ನನ್ನ ಎರಡನೆಯವನು. ದೊಡ್ಡವನದ್ದು ಆಯ್ತು" ಎಂದು ಶುರುಮಾಡಿದವಳು ಹೊರಡುವವರೆಗೂ ದೊಡ್ಡ ಮಗ, ಸೊಸೆಯ ಮಾತೇ ಆಡಿದಳು. ನನಗೆ ಬೇಲಿಯಾಚೆಯ ಆ ದನಿ ನೆನಪಾಗಿ ಬಸ್ಸಿನ ಸಂಗತಿಯೇ ಮರೆತುಹೋಯಿತು. ಬೆಲ್ಲ ನೀರು ಕುಡಿದು ಸುಮ್ಮನೆ ಕುಳಿತೆ. ಮರುವಾರವೇ ಅವರು ಒಪ್ಪಿಗೆ ತಿಳಿಸಿದರು. ಮಾವ ಜೋಯಿಸರ ಮನೆಯ ದಿಕ್ಕಿಗೆ ಕೈಮುಗಿದರು.

ಮದುವೆಯಾಗಿ ಕೆಲವು ತಿಂಗಳಾದ ಮೇಲೆ ಹೆಂಡತಿಯನ್ನು ಕೇಳಿದೆ, "ಮೊದಲ ಸಲ ನಿಮ್ಮ ಮನೆಯವರು ಯಾಕೆ ಒಪ್ಪಲಿಲ್ಲ? ಅಣ್ಣನ ಉಪದ್ರ ಅವರಿಗೂ ಗೊತ್ತಾಗಿತ್ತಾ?"

ಅವಳು ಅಕ್ಕಿ ಆರಿಸುತ್ತಲೇ ಹೇಳಿದಳು: "ಉಪದ್ರ ಎಂಥದ್ದೂ ಇಲ್ಲ. ಆ ದಿವಸ ನೀವು ಬಸ್ಸಿನ ಕತೆ ಹೇಳಿ ಹೇಳಿ ಅಪ್ಪನಿಗೆ ತಲೆನೋವು ಬಂದಿತ್ತು. ಎರಡನೇ ಸಲ ಒಂದು ಮಾತೂ ಆಡಲಿಲ್ಲವಲ್ಲ, ಹುಡುಗ ಗಂಭೀರ ಆಗಿದ್ದಾನೆ, ಇನ್ನು ಕೊಡುವ ಅಂತ ಹೇಳಿದರು. ಅವರು ಈಗ ಪಶ್ಚಾತ್ತಾಪ ಪಡ್ತಿದ್ದಾರೆ."

ಅಣ್ಣ ದಾರಿ ಬಿಟ್ಟುಕೊಟ್ಟ ಎಂದೇ ಅಮ್ಮ ಇಂದಿಗೂ ನಂಬಿ, ಪ್ರತಿ ಹಬ್ಬಕ್ಕೂ ಅವನಿಗೂ ಅತ್ತಿಗೆಗೂ ನನಗಿಂತ ಮೊದಲು ಬಡಿಸುತ್ತಾಳೆ. ನಿಜ ಸಂಗತಿಯನ್ನು ಅವಳಿಗೆ ತಿಳಿಸೋಣವೆಂದು ಎಷ್ಟೋ ಸಲ ಬಾಯಿ ತೆರೆದದ್ದುಂಟು. ಆದರೆ ಆ ಮನೆಯಲ್ಲಿ ಸುಮ್ಮನೆ ಕುಳಿತದ್ದರಿಂದ ನನಗೆ ಹೆಂಡತಿ ಸಿಕ್ಕಿದಳು. ಆದ್ದರಿಂದ ಜೀವನದಲ್ಲಿ ಎರಡನೆಯ ಸಲ ಸುಮ್ಮನಿದ್ದೇನೆ.